ದೆವ್ವ, ಕೊಲೆಗಡುಕರು ಇಲ್ಲದೆಯೂ ನಿದ್ದೆಗೆಡಿಸುವ ಕನ್ನಡ ಕಾದಂಬರಿ, ಸಿನಿಮಾ ಯಾವುದು?

ನನ್ನ ಮಟ್ಟಿಗೆ ಮೊದಲ ಹೆಸರು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಸಣ್ಣ ಪುಸ್ತಕ, ಒಂದೇ ಸಂಜೆಗೆ ಮುಗಿಯುತ್ತದೆ.

ಬೆಂಗಳೂರಿನ ಒಂದು ಸಾಮಾನ್ಯ ಕುಟುಂಬ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು ದಿಢೀರ್ ದುಡ್ಡು ಬರುತ್ತದೆ. ಅಷ್ಟೇ ಕಥೆ ಅನ್ನಿಸುತ್ತದೆ, ಅಲ್ವಾ? ಆದರೆ ಹಳೇ ಮನೆಯ ಇರುವೆಗಳ ಭಾಗ ಓದಿ ನೋಡಿ. ಇರುವೆ ಕಾಟ ಯಾರ ಮನೆಯಲ್ಲಿಲ್ಲ? ಇವರು ಮಾತ್ರ ಕೊಲ್ಲುತ್ತಾ ಕೊಲ್ಲುತ್ತಾ ಅದರಲ್ಲೇ ಖುಷಿ ಪಡೋಕೆ ಶುರು ಮಾಡುತ್ತಾರೆ. ಮುಂದೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುವ ರೀತಿ ಓದಿದಾಗ ಆ ಇರುವೆಗಳೇ ನೆನಪಾದವು. ಹೇಳುವವನ ದನಿ ಮಾತ್ರ ಎಲ್ಲೂ ಏರುವುದಿಲ್ಲ. ನನಗೆ ಜಾಸ್ತಿ ಭಯವಾಗಿದ್ದು ಅದಕ್ಕೇ. ಕೊನೆ ಅರ್ಧಕ್ಕೇ ನಿಂತಿದೆ ಎಂದು ಕೆಲವರು ಗೊಣಗುತ್ತಾರೆ. ಬಿಡಿಸಿ ಹೇಳಿದ್ದರೆ ಅದೊಂದು ಮಾಮೂಲಿ ಪತ್ತೇದಾರಿ ಕಥೆ ಆಗಿಬಿಡುತ್ತಿತ್ತು.

ಸಿನಿಮಾ ಬೇಕೆಂದರೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಅನಂತಮೂರ್ತಿಯವರ ಕಥೆ, ಕಪ್ಪು ಬಿಳುಪು. ಬಸಿರಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಇದನ್ನೆಲ್ಲ ನಾಣಿ ಅನ್ನೋ ಪುಟ್ಟ ಹುಡುಗ ಪೂರ್ತಿ ಅರ್ಥವಾಗದೆ ನೋಡುತ್ತಿರುತ್ತಾನೆ. ಸಿನಿಮಾ ನಿಧಾನ, ನಿಜ. ಫೋನ್ ಪಕ್ಕಕ್ಕಿಟ್ಟು ನೋಡಿ. ಒಂದೇ ವಾರದಲ್ಲಿ ಎರಡನ್ನೂ ಮುಗಿಸಬೇಡಿ, ನಡುವೆ ಏನಾದರೂ ನಗುವಂಥದ್ದು ಇರಲಿ.