ಐಟಿಐ ವೆಲ್ಡರ್ ಮುಗಿಸಿದವರು ಡಿಫೆನ್ಸ್ ಕೆಲಸಕ್ಕೆ ಸೇರುವುದು ಹೇಗೆ?

ನೀವು ಗೋಕಾಕದವರು, ವೆಲ್ಡರ್ ಟ್ರೇಡ್ ಈ ವರ್ಷ ಮುಗಿಯುತ್ತದೆ, ಊರ ಹತ್ತಿರವೇ ಡಿಫೆನ್ಸ್ ಕೆಲಸ ಸಿಗಬಹುದಾ ಅಂತ ಕೇಳಿದ್ದೀರಿ. ಕೆಲಸ ಸಿಗುತ್ತದೆ, ಊರು ಮಾತ್ರ ಬಿಡಬೇಕು. ಬೆಳಗಾವಿ ಅಂದರೆ ಫೌಂಡ್ರಿ, ಮಷಿನ್ ಶಾಪ್. ಹತ್ತರಗಿಯ ಏಕಸ್ ಕಂಪನಿಯಲ್ಲಿ ವಿಮಾನದ ಬಿಡಿಭಾಗ ಆಗುತ್ತವೆ ನಿಜ, ಆದರೆ ಅಲ್ಲಿ ಮಷಿನಿಂಗ್, ಫೋರ್ಜಿಂಗ್ ಜಾಸ್ತಿ.

ವೆಲ್ಡರ್‌ಗೆ ಕೈತುಂಬ ಕೆಲಸ ಇರುವುದು ಹಡಗಿನಲ್ಲಿ. ಘಟ್ಟ ಇಳಿದರೆ ವಾಸ್ಕೋದಲ್ಲಿ ಗೋವಾ ಶಿಪ್‌ಯಾರ್ಡ್ ಇದೆ, ಕಾರವಾರದಲ್ಲಿ ನೌಕಾಪಡೆಯ ಹಡಗು ರಿಪೇರಿ ಯಾರ್ಡ್ ಇದೆ. ಎರಡೂ ಕಡೆ ಅಪ್ರೆಂಟಿಸ್ ಅರ್ಜಿ ಕರೆಯುತ್ತಾರೆ. ಗಾಡಿ, ಟ್ಯಾಂಕು ಇಷ್ಟ ಅಂದರೆ ಕೆಜಿಎಫ್‌ನ ಬಿಇಎಂಎಲ್, ತೆಲಂಗಾಣದ ಮೇದಕ್, ಚೆನ್ನೈ ಹತ್ತಿರದ ಆವಡಿ ನೋಡಿ. 2021ರಲ್ಲಿ ಆರ್ಡ್ನೆನ್ಸ್ ಫ್ಯಾಕ್ಟರಿಗಳನ್ನೆಲ್ಲ, ಅಂದರೆ ಸೇನೆಗೆ ಶಸ್ತ್ರ, ಸಾಮಗ್ರಿ ಮಾಡುವ ಸರ್ಕಾರಿ ಕಾರ್ಖಾನೆಗಳನ್ನೆಲ್ಲ, 7 ಕಂಪನಿ ಮಾಡಿದ್ದಾರೆ. ಮೇದಕ್, ಆವಡಿಯ ಟ್ಯಾಂಕು, ಗಾಡಿ ಫ್ಯಾಕ್ಟರಿಗಳು ಈಗ ಆರ್ಮರ್ಡ್ ವೆಹಿಕಲ್ಸ್ ನಿಗಮದ ಕೆಳಗೆ ಬರುತ್ತವೆ. ಹಳೇ ಹೆಸರಲ್ಲಿ ಹುಡುಕಿದರೆ ಸುಮ್ನೆ ದಾರಿ ತಪ್ಪುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗದ ಫ್ಯಾಬ್ರಿಕೇಶನ್ ಶಾಪಿನಲ್ಲಿ ಕೈ ಪಳಗಿಸಿಕೊಂಡು, ಕಂಟ್ರಾಕ್ಟರ್ ಕಡೆಯಿಂದ ಹಡಗಿನ ಕೆಲಸಕ್ಕೆ ಹೋದವನು. ಐಟಿಐ ಸರ್ಟಿಫಿಕೇಟ್ ಗೇಟಿನವರೆಗೆ ಬರುತ್ತದೆ ಅಷ್ಟೇ. ಒಳಗೆ ಪ್ಲೇಟ್ ಕೊಟ್ಟು ಟೆಸ್ಟ್ ಮಾಡಿಸುತ್ತಾರೆ. ಮಲಗಿಸಿದ ಪ್ಲೇಟ್ ಎಲ್ಲರಿಗೂ ಬರುತ್ತದೆ. ನಿಂತ ಪ್ಲೇಟಿನ 3ಜಿ, ತಲೆ ಮೇಲಿನ 4ಜಿ ಬಂದಾಗ ಕೈ ನಡುಗುತ್ತದೆ. ಪೈಪಿಗೆ 6ಜಿ ಇದೆ: ಪೈಪ್ 45 ಡಿಗ್ರಿ ಓರೆಯಾಗಿ ಕೂತಿರುತ್ತದೆ, ಅದು ತಿರುಗುವುದಿಲ್ಲ, ನೀವೇ ಸುತ್ತಬೇಕು. ಆಮೇಲೆ ಎಕ್ಸ್‌ರೇ ಅಥವಾ ತುಂಡನ್ನು ಬಗ್ಗಿಸಿ ನೋಡುವ ಬೆಂಡ್ ಟೆಸ್ಟ್. ಮೇಲೆ ಎಷ್ಟೇ ಚೆಂದ ಕಂಡರೂ ರೂಟಿನಲ್ಲಿ, ಅಂದರೆ ಜೋಡಣೆಯ ತಳದಲ್ಲಿ, ಸ್ಲ್ಯಾಗ್ (ರಾಡಿನ ಲೇಪ ಕರಗಿ ಆಗುವ ಕಿಟ್ಟ) ಉಳಿದಿದ್ದರೆ ಫೇಲ್. ಪಾಸಾದವರೂ 6 ತಿಂಗಳು ಆ ಬಗೆಯ ವೆಲ್ಡಿಂಗ್ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಟೆಸ್ಟ್ ಕೊಡಬೇಕು.

ಈಗಲೇ ಒಂದು ರೂಢಿ ಮಾಡಿಕೊಳ್ಳಿ. 7018 ರಾಡನ್ನು (ಗಟ್ಟಿ ಜೋಡಣೆಗೆ ಬಳಸುವ, ಹೈಡ್ರೋಜನ್ ಕಡಿಮೆ ಇರುವ ವೆಲ್ಡಿಂಗ್ ರಾಡು) ಓವನ್‌ನಲ್ಲಿ ಕಾಯಿಸಿಯೇ ಹಿಡಿಯಿರಿ. ಟ್ರೇಲರ್, ಗೇಟು ಮಾಡುವ ನಮ್ಮ ಕಡೆಯ ಶಾಪುಗಳಲ್ಲಿ ಪ್ಯಾಕೆಟ್ ಒಡೆದು ನೆಲದ ಮೇಲಿಟ್ಟ ರಾಡೂ ನಡೆಯುತ್ತದೆ, ಅಲ್ವಾ? ಗಟ್ಟಿ ಉಕ್ಕಿಗೆ ಅದು ನಡೆಯುವುದಿಲ್ಲ. ರಾಡಿನ ತೇವದಿಂದ ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ. ಇವತ್ತು ಚೆನ್ನಾಗಿ ಕಂಡ ಜೋಡಣೆ ಒಂದೆರಡು ದಿನ ಬಿಟ್ಟು ಬಿರುಕು ಬಿಡಬಹುದು. ಅದಕ್ಕೇ ದಪ್ಪ ಪ್ಲೇಟನ್ನು ಮೊದಲೇ ಬಿಸಿ ಮಾಡಿಸುತ್ತಾರೆ, ಕೆಲವು ಕಡೆ ತಪಾಸಣೆಯನ್ನೂ ತಡವಾಗಿ ಮಾಡುತ್ತಾರೆ. ಕೈ ಕೂತ ಮೇಲೆ ಆರ್ಗಾನ್ ವೆಲ್ಡಿಂಗ್ (ಟಿಗ್) ಕಲಿಯಿರಿ, ಅದಕ್ಕೆ ಬೆಲೆ ಜಾಸ್ತಿ.

ಇನ್ನು, ಅಪ್ರೆಂಟಿಸ್ ಮುಗಿದರೆ ಪರ್ಮನೆಂಟ್ ಮಾಡಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಪರ್ಮನೆಂಟ್ ಹುದ್ದೆಗೆ ಬೇರೆಯೇ ನೋಟಿಫಿಕೇಶನ್ ಬರುತ್ತದೆ, ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು.