ಬಿಸಿಲಿದ್ದಾಗಲೇ ಸೋಲಾರ್ ಆಫ್ ಆಗುವುದೇಕೆ?

ಪ್ರಶ್ನೆ: ನಮ್ಮ ಮನೆಯ ಚಾವಣಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ, ನೆಟ್ ಮೀಟರ್ (ಲೈನಿಗೆ ವಾಪಸ್ ಕೊಟ್ಟ ಕರೆಂಟನ್ನೂ ಅಳೆಯುವ ಮೀಟರ್) ಕೂಡ ಇದೆ. ಒಳ್ಳೆ ಬಿಸಿಲಿರುವ ಮಧ್ಯಾಹ್ನವೇ ಇನ್ವರ್ಟರ್ (ಸೋಲಾರ್ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಯಂತ್ರ) ಆಫ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆನ್ ಆಗುತ್ತದೆ. ಟಿಸಿ (ಬೀದಿಯ ಟ್ರಾನ್ಸ್‌ಫಾರ್ಮರ್) ಹತ್ತಿರದ ಮನೆಯವರಿಗೆ ಈ ತೊಂದರೆ ಇಲ್ಲ. ಮುಂದೆ ಎಲ್ಲರೂ ಸೋಲಾರ್ ಹಾಕಿಸಿದರೆ ಇದನ್ನೆಲ್ಲ ನಿಯಂತ್ರಿಸುವವರು ಯಾರು?
– ಓದುಗರು, ತಿಪಟೂರು

ಉತ್ತರ: ಇನ್ವರ್ಟರ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಮುಂದಿನ ಸಲ ಆಫ್ ಆಗುವ ಮುಂಚೆ ಅದರ ಪರದೆಯಲ್ಲಿ ವೋಲ್ಟೇಜ್ ಎಷ್ಟಿದೆ ನೋಡಿ. 253ರ ಆಸುಪಾಸು ಇದ್ದರೆ ಕಾರಣ ಸಿಕ್ಕಿತು. ಮನೆಗೆ ಬರಬೇಕಾದ್ದು 230 ವೋಲ್ಟ್. ಅದಕ್ಕಿಂತ ಶೇ 10ರಷ್ಟು ಮೇಲೇರಿದರೆ 2 ಸೆಕೆಂಡಿನೊಳಗೆ ಇನ್ವರ್ಟರ್ ಲೈನಿನಿಂದ ಬೇರೆಯಾಗಬೇಕು ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ.

ಮಧ್ಯಾಹ್ನ ಮನೆಗಳಲ್ಲಿ ಬಳಕೆ ಕಡಿಮೆ. ಮಿಕ್ಕ ಕರೆಂಟು ಟಿಸಿ ಕಡೆಗೆ ವಾಪಸ್ ಹರಿಯುತ್ತದೆ. ತಂತಿಯಲ್ಲಿ ತಡೆ ಇರುತ್ತದಲ್ವಾ, ಅದನ್ನು ದಾಟಿ ಹೋಗಬೇಕಾದರೆ ನಿಮ್ಮ ತುದಿಯಲ್ಲಿ ವೋಲ್ಟೇಜ್ ಏರಲೇಬೇಕು. ಟಿಸಿಯಿಂದ ದೂರ ಇದ್ದಷ್ಟೂ ಏರಿಕೆ ಜಾಸ್ತಿ. ಹಾಗಾಗಿ ಲೈನಿನ ಕೊನೆಯ ಮನೆಯೇ ಮೊದಲು ಆಫ್. ಎಲ್ಲರಷ್ಟೇ ದುಡ್ಡು ಹಾಕಿದ್ದೀರಿ, ನಷ್ಟ ಮಾತ್ರ ನಿಮಗೆ. ಇದು ನ್ಯಾಯವಲ್ಲ.

ಇನ್ನು ನಿಯಂತ್ರಣದ ಮಾತು. ದೊಡ್ಡ ಸ್ಥಾವರಗಳಿಗೆ ಲೋಡ್ ಡಿಸ್ಪ್ಯಾಚ್ ಕೇಂದ್ರದಿಂದ (ವಿದ್ಯುತ್ ಜಾಲವನ್ನು ನಿಭಾಯಿಸುವ ಕಚೇರಿ) ಸೂಚನೆ ಹೋಗುತ್ತದೆ. ಲಕ್ಷಗಟ್ಟಲೆ ಚಾವಣಿಗಳಿಗೆ ಹಾಗೆ ಒಂದೊಂದಾಗಿ ಹೇಳುತ್ತ ಕೂರಲು ಆಗದು. ಇನ್ವರ್ಟರ್ ತಾನಿರುವ ಕಡೆಯೇ ವೋಲ್ಟೇಜನ್ನೂ ಫ್ರೀಕ್ವೆನ್ಸಿಯನ್ನೂ (ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಮಾಡುತ್ತದೆ ಎಂಬುದು) ಅಳೆದು ತಾನೇ ತೀರ್ಮಾನಿಸಬೇಕು. ಆದರೆ ಎಲ್ಲವೂ ಒಂದೇ ಅಂಕಿಗೆ ಆಫ್ ಆದರೆ ಅಪಾಯ. ಜರ್ಮನಿಯಲ್ಲಿ ಹಾಗೇ ಆಗುವುದರಲ್ಲಿತ್ತು. 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ 50.2 ಹರ್ಟ್ಸ್ ದಾಟಿದ ಕೂಡಲೇ ಇನ್ವರ್ಟರ್ ಆಫ್ ಆಗಬೇಕೆಂದು ಅಲ್ಲಿ ಮೊದಲು ನಿಯಮ ಮಾಡಿದ್ದರು. ಸೋಲಾರ್ ಹೆಚ್ಚಿದಂತೆ, ಸಾವಿರಾರು ಮೆಗಾವ್ಯಾಟ್ ಒಂದೇ ಕ್ಷಣದಲ್ಲಿ ಬಿದ್ದುಹೋಗಬಹುದು ಎಂಬುದು ಅರಿವಾಯಿತು. 2012ರಲ್ಲಿ ಹೊಸ ನಿಯಮ ತಂದು, ಹಳೆಯ ಇನ್ವರ್ಟರ್‌ಗಳ ಸೆಟ್ಟಿಂಗನ್ನೂ ಬದಲಾಯಿಸಬೇಕಾಯಿತು. ಹೊಸ ಇನ್ವರ್ಟರ್‌ಗಳು ಈಗ ಒಮ್ಮೆಲೇ ನಿಲ್ಲುವುದಿಲ್ಲ. ಫ್ರೀಕ್ವೆನ್ಸಿ ಏರಿದಂತೆ ಉತ್ಪಾದನೆಯನ್ನು ಮೆಲ್ಲಗೆ ಇಳಿಸುತ್ತವೆ.

ನಿಮ್ಮ ಬೀದಿಯ ತೊಂದರೆಗೆ ಇದರಾಚೆಗೂ ಒಂದು ದಾರಿ ಇದೆ. ಪ್ರತಿ ಇನ್ವರ್ಟರ್ ತಾನು ಉತ್ಪಾದನೆಯನ್ನು ಶೇಕಡಾ ಎಷ್ಟು ಇಳಿಸಿದ್ದೇನೆ ಎಂಬುದನ್ನು ಅಕ್ಕಪಕ್ಕದ ಒಂದೆರಡು ಇನ್ವರ್ಟರ್‌ಗಳಿಗೆ ಮಾತ್ರ ತಿಳಿಸುತ್ತದೆ. ಅವು ಜಾಸ್ತಿ ಇಳಿಸಿದ್ದರೆ ತಾನೂ ಇನ್ನೊಂದಿಷ್ಟು ಇಳಿಸುತ್ತದೆ. ಹೀಗೆ ಮತ್ತೆ ಮತ್ತೆ ಹೊಂದಿಸಿಕೊಂಡರೆ ಎಲ್ಲರ ಪಾಲೂ ಸಮ ಆಗುತ್ತದೆ. ಮಧ್ಯದಲ್ಲೊಂದು ಕಂಪ್ಯೂಟರ್ ಬೇಕಿಲ್ಲ. ಒಂದು ಇನ್ವರ್ಟರ್ ಕೆಟ್ಟರೂ ಉಳಿದವುಗಳ ನಡುವೆ ಸಂಪರ್ಕ ಇರುವ ತನಕ ಕೆಲಸ ನಡೆಯುತ್ತದೆ. ಕೊನೆಯ ಮನೆಗಳ ನಷ್ಟ ತಪ್ಪಬೇಕಾದರೆ ಈ ವ್ಯವಸ್ಥೆ ನಮ್ಮ ಬೀದಿಗಳಿಗೆ ಬರಬೇಕು.

ಸದ್ಯಕ್ಕೆ ಇಷ್ಟು ಮಾಡಿ. ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಕೇಬಲ್ ಸಣ್ಣದಾಗಿದೆಯೇ, ಜಾಯಿಂಟ್ ಸಡಿಲವಾಗಿದೆಯೇ ಎಂದು ಹಾಕಿದವರಿಂದಲೇ ನೋಡಿಸಿ. ಮಧ್ಯಾಹ್ನದ ವೋಲ್ಟೇಜನ್ನು ಫೋಟೊ ತೆಗೆದು ವಿದ್ಯುತ್ ಕಚೇರಿಗೆ ಬರೆದು ಕೊಡಿ, ಟಿಸಿಯ ಟ್ಯಾಪ್ (ಅದರಿಂದ ಬರುವ ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಬದಲಾಯಿಸಲು ಕೇಳಿ. ಇನ್ವರ್ಟರ್‌ನ ವೋಲ್ಟೇಜ್ ಮಿತಿಯನ್ನು ಏರಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಅದರಿಂದ ಪಕ್ಕದ ಮನೆಯ ಫ್ರಿಜ್, ಮೋಟಾರ್ ಸುಟ್ಟುಹೋಗಬಹುದು.