ವಿಜಯಪುರದ ಗಾಳಿ, ಸೋಲಾರ್ ಕರೆಂಟನ್ನು ಹೈಡ್ರೋಜನ್ ಮಾಡಿಟ್ಟು ರಾತ್ರಿ ಪಂಪ್‌ಸೆಟ್‌ಗೆ ಬಳಸಬಹುದೇ?

ಬಳಸಬಹುದು, ಆದರೆ ಗಿಟ್ಟುವುದಿಲ್ಲ. ಲೆಕ್ಕ ನೋಡಿ. ನೀರಿಗೆ ಕರೆಂಟ್ ಹಾಯಿಸಿ 1 ಕೆಜಿ ಹೈಡ್ರೋಜನ್ ತೆಗೆಯಲು 50ರಿಂದ 55 ಯುನಿಟ್ ಬೇಕು. ಅದನ್ನೇ, ಹೈಡ್ರೋಜನ್‌ನಿಂದ ಮತ್ತೆ ಕರೆಂಟ್ ಮಾಡುವ ಫ್ಯುಯೆಲ್ ಸೆಲ್‌ಗೆ ಹಾಕಿದರೆ ಕೈಗೆ ಬರುವುದು 16ರಿಂದ 18 ಯುನಿಟ್. ಮೂರು ಕೊಟ್ಟು ಒಂದು ತಗೊಂಡ ಹಾಗೆ! ಅನಿಲವನ್ನು ಒತ್ತಿ ಸಿಲಿಂಡರ್‌ಗೆ ತುಂಬುವ ಖರ್ಚು ಬೇರೆ. ಬ್ಯಾಟರಿಯಲ್ಲಿಟ್ಟರೆ ನೂರಕ್ಕೆ 85ರಷ್ಟಾದರೂ ವಾಪಸ್ ಬರುತ್ತದೆ.

ಹಗಲಿನದನ್ನು ರಾತ್ರಿಗೆ ಉಳಿಸಲು ಬ್ಯಾಟರಿ ಸಾಕು. ಇಲ್ಲವೇ ಬೆಳಗಾವಿ ಜಿಲ್ಲೆಯ ಸವದತ್ತಿ ಬಳಿ ಯೋಜಿಸಿರುವ ಪಂಪ್ಡ್ ಸ್ಟೋರೇಜ್ ಥರದ್ದು: ಕರೆಂಟ್ ಜಾಸ್ತಿಯಿದ್ದಾಗ ನೀರನ್ನು ಎತ್ತರಕ್ಕೆ ಏರಿಸಿ, ಬೇಕಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು.

ಹೈಡ್ರೋಜನ್‌ಗೆ ಜಾಗ ಇರುವುದು ತಿಂಗಳುಗಟ್ಟಲೆ ಕೂಡಿಡುವಲ್ಲಿ. ನಮ್ಮ ಕಡೆ ಗಾಳಿಯ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್. ಪಂಪ್‌ಸೆಟ್‌ಗಳು ಜೋರಾಗಿ ಓಡುವುದು ಬೇಸಿಗೆಯಲ್ಲಿ. ಅಷ್ಟು ದಿನ ಬ್ಯಾಟರಿಯಲ್ಲಿ ಇಡಲು ಯಾರಿಗೂ ಪೂರೈಸುವುದಿಲ್ಲ. ಆದರೆ ಅಷ್ಟೊಂದು ಅನಿಲವನ್ನು ಅಗ್ಗದಲ್ಲಿ ಇಡಲು ನೆಲದಡಿ ಉಪ್ಪಿನ ಗವಿಗಳು ಬೇಕು. ನಮ್ಮದು ಕರಿಕಲ್ಲಿನ ನೆಲ, ಅಲ್ವಾ?

ನನ್ನ ಪ್ರಕಾರ ಹೈಡ್ರೋಜನ್ ಅನ್ನು ಮತ್ತೆ ಕರೆಂಟ್ ಮಾಡುವುದೇ ಸುಮ್ನೆ ದಂಡ. ಅಮೋನಿಯಾ ಮಾಡಿ ಗೊಬ್ಬರಕ್ಕೆ ಕೊಡಲಿ. ಡಿಎಪಿ, ಯೂರಿಯಾ ಎರಡಕ್ಕೂ ಅದು ಬೇಕು, ಈಗ ಬಹುಪಾಲು ನೈಸರ್ಗಿಕ ಅನಿಲದಿಂದಲೇ ಬರುತ್ತಿದೆ. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ಹಸಿರು ಹೈಡ್ರೋಜನ್ ಮಿಷನ್‌ನ ಗುರಿ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್. ಅದರ ಕಣ್ಣೂ ಗೊಬ್ಬರ, ರಿಫೈನರಿ, ಉಕ್ಕಿನ ಮೇಲೆಯೇ ಜಾಸ್ತಿ.

ನೀರಿನ ಚಿಂತೆ ಬೇಡ. 1 ಕೆಜಿಗೆ ಸುಮಾರು 9 ಲೀಟರ್ ಶುದ್ಧ ನೀರು, ಯಂತ್ರ ತಂಪು ಮಾಡಲು ಇನ್ನಷ್ಟು. ನಮ್ಮ ಕಬ್ಬು ಕುಡಿಯುವುದರ ಮುಂದೆ ಅದೇನೂ ಅಲ್ಲ.